ಎಂಟು ಚಾಪೆಯ ಕೋಣೆ

ಜಪಾನಿನ ಕನಜಾವಾ ಊರಿನ ಹಳೆಯ ಓಣಿಯೊಂದರಲ್ಲಿರುವ ಕುನಿಯೋ, ಅಂಚೆ ಹಂಚಿ ನಿವೃತ್ತನಾದವನು, ಏನನ್ನೂ ಎಸೆದವನಲ್ಲ. ಬಿಸ್ಕತ್ತಿನ ಖಾಲಿ ಡಬ್ಬಿ, ಉಡುಗೊರೆ ಸುತ್ತಿ ಬಂದ ಕಾಗದ, ಆ ಕಾಗದಕ್ಕೆ ಕಟ್ಟಿದ್ದ ದಾರ, ಮುರಿದ ಮೂರು ಕೊಡೆ, ಎಲ್ಲವೂ ‘ಬೇಕಾಗುತ್ತೆ’ ಎಂಬ ಒಂದೇ ಮಂತ್ರದ ಬಲದಿಂದ ನೆಲಕ್ಕೆ ಎಂಟು ಚಾಪೆ ಹಿಡಿಸುವ ಅವನ ಕೋಣೆ ಸೇರಿದ್ದವು. ಹೆಂಡತಿ ತೊಕಿಯೆ ಮೂವತ್ತು ವರ್ಷ ಬೇಡಿಕೊಂಡಳು, ಬೈದಳು, ಕೊನೆಗೆ ಅಡ್ಡಡ್ಡವಾಗಿ ನಡೆಯುವುದನ್ನು ಕಲಿತುಕೊಂಡಳು.

ಈ ವಸಂತದಲ್ಲಿ ಅವಳ ಮೊಣಕಾಲಿಗೆ ಆಪರೇಷನ್ ಆಯಿತು.

“ರೀ, ದಿನಾ ಮನೇಲಿ ನಡೀಲೇಬೇಕಂತೆ, ಇಲ್ಲಾಂದ್ರೆ ಕಾಲು ಬಿಗಿದುಬಿಡುತ್ತಂತೆ,” ಎಂದಳು ಆಸ್ಪತ್ರೆಯಲ್ಲಿ. “ಎಲ್ಲಿ ನಡೀಲಿ ಹೇಳಿ, ನಿಮ್ಮ ಡಬ್ಬಿಗಳ ತಲೆ ಮೇಲಾ?”

ನಗುತ್ತಲೇ ಹೇಳಿದಳು, ಆದರೆ ಹೆದರಿದ್ದಳು. ಕುನಿಯೋಗೆ ನಾಚಿಕೆಯಾಯಿತು. “ಭಾನುವಾರ ನೀನು ಬರೋ ಹೊತ್ತಿಗೆ ನಮ್ಮ ಕೋಣೆ ಗುರುಗಳ ಕೋಣೆ ಥರ ಇರುತ್ತೆ, ನೋಡ್ತಿರು,” ಎಂದು ಮಾತು ಕೊಟ್ಟುಬಿಟ್ಟ.

ಗುರುಗಳೆಂದರೆ ಓಣಿಯ ತುದಿಯ ಜೆನ್ ಬೌದ್ಧ ಮಂದಿರದವರು. ಅವರ ಕೋಣೆಯಲ್ಲಿ ಇರುವುದು ಗೋಡೆಗೆ ಒಂದು ಚಿತ್ರಪಟ, ಅದರ ಕೆಳಗೆ ಹೂದಾನಿಯಲ್ಲಿ ಒಂದೇ ಹೂವು. ಉಳಿದದ್ದೆಲ್ಲ ಬರೀ ಬೆಳಕು.

ಎಸೆಯಲು ಕುನಿಯೋಗೆ ಕೈ ಬರುವುದಿಲ್ಲ. ಹಾಗಾಗಿ ಕೊಡಲು ಹೊರಟ. ಸೋಮವಾರ ಪಕ್ಕದ ಮನೆಯ ಇಸೊಬೆಸಾನ್‌ಗೆ, ಅಂದರೆ ಇಸೊಬೆಯಮ್ಮನಿಗೆ, ಒಂದು ಮೇಜು ಕೊಟ್ಟ. ಸಂಜೆಯೇ ಆಕೆ ಅಕ್ಕಿ ಬಿಸ್ಕತ್ತಿನ ದೊಡ್ಡ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ಬಗ್ಗಿ ನಿಂತಿದ್ದಳು. ಎದುರು ಮನೆಗೆ ಒಂದು ಕಪಾಟು ಹೋಯಿತು, ಟವೆಲುಗಳ ಎರಡು ಪೆಟ್ಟಿಗೆ ಬಂದವು. ಕೊಟ್ಟವರಿಗೆ ತಿರುಗಿ ಕೊಡದಿದ್ದರೆ ಆ ಓಣಿಯಲ್ಲಿ ಯಾರಿಗೂ ಅನ್ನ ಇಳಿಯುವುದಿಲ್ಲ. ಕುನಿಯೋಗೂ ಇಳಿಯಬೇಕಲ್ಲ, ಟವೆಲಿನವರಿಗೆ ಅವನು ಹೂದಾನಿ ಕೊಟ್ಟ. ಅವರು ಸಾಬೂನು ತಂದರು. ಬುಧವಾರಕ್ಕೆ ಲೆಕ್ಕ ಹಾಕಿದರೆ ಕೋಣೆಯಲ್ಲಿ ಮೊದಲಿಗಿಂತ ಹನ್ನೊಂದು ಪೆಟ್ಟಿಗೆ ಹೆಚ್ಚು!

ಗುರುವಾರ ಅಳುಮೋರೆ ಹಾಕಿಕೊಂಡು ಮಂದಿರಕ್ಕೆ ಹೋದ.

“ಗುರುಗಳೇ, ನಿಮ್ಮ ಕೋಣೆ ಅದ್ಹೇಗೆ ಖಾಲಿ ಇರುತ್ತೆ? ಧ್ಯಾನದಿಂದಲಾ?”

ಗುರುಗಳು ಅತ್ತಿತ್ತ ನೋಡಿ ಪಕ್ಕದ ಜಾರುಬಾಗಿಲನ್ನು ಗೇಣಗಲ ಸರಿಸಿದರು. ಒಳಗೆ ಸೂರಿನವರೆಗೂ ಪೆಟ್ಟಿಗೆಗಳು.

“ಧ್ಯಾನನೂ ಇಲ್ಲ, ಮಣ್ಣೂ ಇಲ್ಲ. ಇದು ತುಂಬಿದೆ ಅಂತಲೇ ಅದು ಖಾಲಿ ಇರೋದು. ನಿನ್ನ ತಪ್ಪು ಏನು ಗೊತ್ತಾ ಕುನಿಯೋ? ನೀನು ಕೊಡ್ತೀಯ. ಕೊಡಬೇಡ, ಇಡು. ‘ಸ್ವಲ್ಪ ದಿನ ನಿಮ್ಮಲ್ಲಿ ಇಟ್ಕೊಂಡಿರಿ’ ಅನ್ನು. ಇಟ್ಟಿದ್ದಕ್ಕೆ ಯಾರೂ ತಿರುಗಿ ಕೊಡಲ್ಲ.”

ಕುನಿಯೋ ಕೃತಜ್ಞತೆಯಿಂದ ನೆಲಕ್ಕೆ ಹಣೆ ಮುಟ್ಟಿಸಿ ಏಳುವಷ್ಟರಲ್ಲಿ ಗುರುಗಳು ಅವನ ಕೈಗೆ ಎರಡು ಪೆಟ್ಟಿಗೆ ಹೊರಿಸಿದ್ದರು. “ಇವನ್ನ ಸ್ವಲ್ಪ ದಿನ ನಿಮ್ಮನೇಲಿ ಇಟ್ಕೊಂಡಿರು.”

ಉಪಾಯ ಫಲಿಸಿತು. ಮನೆಯಲ್ಲಿದ್ದ ಒಂದೇ ಒಂದು ಕುರ್ಚಿಯ ಸಮೇತ ಎಲ್ಲವೂ ಓಣಿಯ ಮನೆಗಳಿಗೆ ಹಂಚಿಹೋಯಿತು. ಮೂಲೆಯಲ್ಲಿ ಬಿಸ್ಕತ್ತಿನ ಒಂದು ಡಬ್ಬಿ ಮಾತ್ರ ಉಳಿಸಿ, ಅದರಲ್ಲಿ ನೀರು ಹಾಕಿ, ಒಂದು ಕೆಂಪು ಹೂವಿಟ್ಟ.

ಭಾನುವಾರ ತೊಕಿಯೆ ಬಂದಳು. ಹೊಸ್ತಿಲಲ್ಲಿ ನಿಂತು ಕೋಣೆಯನ್ನೇ ನೋಡಿದಳು. ಚಾಪೆಗಳ ಅಂಚು ಯಾವ ಬಣ್ಣದ್ದೆಂಬುದೇ ಅವಳಿಗೆ ಮರೆತುಹೋಗಿತ್ತು. ಬಿಸ್ಕತ್ತಿನ ಡಬ್ಬಿ ನೋಡಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಗೋಡೆಯ ಆಸರೆಯಿಲ್ಲದೆ, ನೆಟ್ಟಗೆ, ಹದಿನಾಲ್ಕು ಪುಟ್ಟ ಹೆಜ್ಜೆ ಆ ತುದಿಗೆ ನಡೆದಳು. ಹದಿನಾಲ್ಕು ಈ ತುದಿಗೆ. ಕುನಿಯೋ ಒಂದೊಂದನ್ನೂ ಎಣಿಸಿದ.

“ಸಾಕಾಯ್ತು ಕಣ್ರೀ. ಇನ್ನು ಕೂತ್ಕೋತೀನಿ.”

ಎಲ್ಲಿ ಕೂರುವುದು? ಹೊಸ ಮೊಣಕಾಲು ನೆಲಕ್ಕೆ ಮಡಚುವುದಿಲ್ಲ.

ಕುನಿಯೋ ಬರಿಗಾಲಲ್ಲೇ ಇಸೊಬೆಸಾನ್ ಮನೆಗೆ ಓಡಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದ. ಅದೇ ತಪ್ಪಾಯಿತು.

“ಕುನಿಯೋಸಾನ್ ಸಾಮಾನು ವಾಪಸ್ ತಗೋತಿದಾರಂತೆ!” ಎಂದು ಇಸೊಬೆಸಾನ್ ಕೂಗಿದ್ದೇ ತಡ, ಜನ ತಮ್ಮ ಮನೆಯಲ್ಲಿ ಜಾಗ ಸಿಕ್ಕಿತೆಂಬ ಸಂತೋಷದಲ್ಲಿ ಪೆಟ್ಟಿಗೆ, ಡಬ್ಬಿ, ಕೊಡೆ ಹೊತ್ತು ತಂದರು. ತೊಕಿಯೆ ಬೇಗ ಹುಷಾರಾಗಲೆಂದು ಮೇಲೊಂದೊಂದು ಹಣ್ಣಿನ ಪೆಟ್ಟಿಗೆಯೂ ಇತ್ತು. ಗಂಟೆಯೊಳಗೆ ಕೋಣೆ ತುಂಬಿತು. ನಡುವೆ ಕುರ್ಚಿ, ಕುರ್ಚಿಯಲ್ಲಿ ತೊಕಿಯೆ.

ಕುನಿಯೋ ತಲೆ ತಗ್ಗಿಸಿದ. “ಮಾತು ಕೊಟ್ಟಿದ್ದೆ...”

“ಕಾಲು ಗಂಟೆ ಖಾಲಿ ಇತ್ತಲ್ರೀ. ಇಪ್ಪತ್ತೆಂಟು ಹೆಜ್ಜೆ ನಡೆದ್ನಲ್ಲ,” ಎಂದಳು ತೊಕಿಯೆ. “ಆದ್ರೆ ನಾಳೆನೂ ನಡೀಬೇಕು.”

ಮರುದಿನ ಒಡಕು ಸಾಮಾನು ಒಯ್ಯುವ ಗಾಡಿ ಬರುವ ದಿನ. ಕುನಿಯೋ ಮುರಿದ ಮೂರು ಕೊಡೆಗಳನ್ನೂ ಎದೆಗೊತ್ತಿಕೊಂಡು ಹೋದ. ಗಾಡಿಯವನು ಕೈ ಚಾಚಿ, “ಕೊಡಿ,” ಎಂದ.

“ಸ್ವಲ್ಪ ದಿನ ನಿಮ್ಮಲ್ಲಿ...” ಎಂದು ಶುರು ಮಾಡಿದ ಕುನಿಯೋ ಅಷ್ಟಕ್ಕೇ ನಿಲ್ಲಿಸಿದ. ಕೊಡೆಗಳನ್ನು ಕೊಟ್ಟು, ಗಾಡಿ ತಿರುವು ದಾಟುವವರೆಗೂ ನಿಂತಿದ್ದು, ಡಬ್ಬಿಗಳನ್ನು ತರಲು ಮನೆಗೆ ಓಡಿದ.