ಆ ಮನೆಯ ಅಳತೆಯ ಸೋಫಾ

ತನ್ನ ಟೇಪು ಹುಟ್ಟಿದಾಗಿನಿಂದ ಒಂದು ನೂಲೂ ತಪ್ಪಿಲ್ಲ, ಬೇಕಾದರೆ ಹಾರುವ ಸೊಳ್ಳೆಗೂ ಕೋಟು ಹೊಲಿದುಕೊಡುತ್ತೇನೆ ಎಂದು ನಮ್ಮೂರ ಟೈಲರ್ ತನ್ನ ಅಂಗಡಿಗೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ತಲೆಯೊಳಗಿನ ಬುದ್ಧಿಯನ್ನು ಅಳೆಯಲು ಮಾತ್ರ ಆ ಟೇಪಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಅಡುಗೆಮನೆಗೆ ಕಿಟಕಿಯಿರುವ ಸ್ವಂತ ಮನೆ ಬೇಕೆಂದು ಅವನ ಹೆಂಡತಿ ವರ್ಷಗಟ್ಟಲೆ ಹೊಗೆ ಕುಡಿದು ಕಾದಿದ್ದಳು. ಅಂಥದ್ದೊಂದು ಸಿಕ್ಕಿತು, ಬ್ಯಾಂಕೂ ಸಾಲಕ್ಕೆ ಒಪ್ಪಿತು.

"ರಿಜಿಸ್ಟ್ರೇಷನ್ ಆಗೋವರೆಗೆ ಬೇರೆ ಸಾಲ ಮಾಡ್ಬೇಡಿ. ಹಣ ಕೊಡೋ ಮುಂಚೆ ನಿಮ್ಮ ಸಾಲದ ಲೆಕ್ಕ ಇನ್ನೊಂದ್ಸಲ ನೋಡ್ತೀವಿ" ಎಂದು ಮ್ಯಾನೇಜರ್ ಎಚ್ಚರಿಸಿದ್ದರು. ಈ ಮಹಾಶಯ ತಲೆಯಾಡಿಸಿ, ನೆಟ್ಟಗೆ ಹೊಸ ಮನೆಗೆ ಹೋಗಿ ಗೋಡೆ ಅಳೆದು, ಆನೆ ಮಲಗಿದರೂ ಕಾಲು ಚಾಚುವಷ್ಟು ದೊಡ್ಡ ಸೋಫಾ ಒಂದನ್ನು ಕಂತಿನ ಮೇಲೆ ಕೊಂಡ.

"ಸಾಲ ಮಾಡ್ಬೇಡಿ ಅಂದಿದ್ರಲ್ರೀ" ಎಂದಳು ಹೆಂಡತಿ.

"ಇದು ಸಾಲ ಅಲ್ಲ ಕಣೇ, ಕಂತು. ಬಡ್ಡಿನೇ ಇಲ್ಲ."

ಬ್ಯಾಂಕಿನವರಿಗೆ ಇಷ್ಟು ಸೂಕ್ಷ್ಮದ ವ್ಯಾಕರಣ ಎಲ್ಲಿಂದ ಬರಬೇಕು? ಕಂತನ್ನೂ ಸಾಲದ ಲೆಕ್ಕಕ್ಕೇ ಹಿಡಿದು, ಇವನ ಆದಾಯ ಸಾಲದೆಂದು ಕೈಯೆತ್ತಿದರು. ಮನೆ ಬೇರೆಯವರ ಪಾಲಾಯಿತು. ಸೋಫಾ ಮಾತ್ರ ತಪ್ಪದೆ ಬಾಡಿಗೆ ಮನೆಗೆ ಬಂದು, ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಿತು. ಹೆಂಡತಿ ಒಳಗೆ ಹೊಗೆಯಲ್ಲಿ, ಗಂಡ ಹೊರಗೆ ಬೀದಿಯಲ್ಲಿ.

"ಏನ್ರೀ, ಒಂದು ನೂಲೂ ತಪ್ಪಲ್ಲ ಅಂತಿದ್ರಿ?" ಎಂದು ಸೋಫಾದ ಆಚೆಯಿಂದ ಅವಳು ಕೇಳಿದಳು.

ಅವನು ಹೊರಗುಳಿದ ಅರ್ಧದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.

"ಈಗ್ಲೂ ತಪ್ಪಿಲ್ಲ ಕಣೇ. ಸೋಫಾ ಆ ಮನೇಲಿ ಕರಾರುವಾಕ್ಕಾಗಿ ಹಿಡಿಸುತ್ತೆ. ನಾವೇ ಹಿಡಿಸ್ಲಿಲ್ಲ."