ಪುಕ್ಕಲಣ್ಣನ ಪಂಜರ

ಊರಿನವರು ಅವನನ್ನು ಪುಕ್ಕಲಣ್ಣ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನೂ ಓಗೊಡುತ್ತಿದ್ದ. ಓಗೊಡದೆ ಏನು ಮಾಡುತ್ತಾನೆ ಹೇಳಿ? ಐವತ್ತೆರಡು ವರ್ಷದ ಗಂಡಸು, ನಾಯಿ ಆಕಳಿಸಿದರೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಹಲ್ಲಿನ ಡಾಕ್ಟರ ಬಾಗಿಲವರೆಗೆ ಮೂರು ಸಲ ಹೋಗಿ ಮೂರು ಸಲವೂ ವಾಪಸು ಬಂದಿದ್ದ; ಕೊನೆಗೆ ಹಲ್ಲೇ ಬೇಸತ್ತು ಬಿದ್ದುಹೋಯಿತು. ಹೆಂಡತಿ ಮನೆಯಲ್ಲಿರುವ ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ಅವಳನ್ನು ಎಬ್ಬಿಸಬೇಕು. ಅವಳು ಅರೆಗಣ್ಣಲ್ಲೇ ಬಂದು ಬಾಗಿಲಿಗೊರಗಿ, "ಆಯ್ತೇನ್ರೀ?" ಎಂದು ಎರಡು ಸಲ ಕೇಳಬೇಕು. ಕೇಳದಿದ್ದರೆ ಇವನಿಗೆ ಆಗುತ್ತಿರಲಿಲ್ಲ.

ಇದೇ ಮನುಷ್ಯ ಜೇನುಪೆಟ್ಟಿಗೆಗೆ ಬರಿಗೈ ಹಾಕುತ್ತಿದ್ದ. ಮುಖಕ್ಕೆ ಪರದೆಯಿಲ್ಲ, ಕೈಗೆ ಗವಸಿಲ್ಲ. ಹೊಗೆಡಬ್ಬಿಯನ್ನು ಒಂದೆರಡು ಸಲ ಒತ್ತಿ, ಮುಚ್ಚಳ ತೆಗೆದು, ಸಾವಿರಾರು ನೊಣಗಳ ನಡುವಿನಿಂದ, ಮರದ ಚೌಕಟ್ಟಿಗೆ ಕಟ್ಟಿದ ಜೇನಿನ ಎರಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಈ ಧೈರ್ಯ ಬಂದದ್ದೂ ಹೆದರಿಕೆಯಿಂದಲೇ. ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಬಡಗಿಯೊಬ್ಬರ ಹತ್ತಿರ ಕೆಲಸಕ್ಕಿದ್ದ. ಗರಗಸದ ಯಂತ್ರ ಶುರುವಾದರೆ ಸಾಕು, ಹೊರಗೆ ಓಡುತ್ತಿದ್ದ. ಬಡಗಿ ರೋಸಿಹೋಗಿ, "ಕೊಯ್ಯೋದು ಬೇಡಪ್ಪ ನೀನು, ಮಾಡಿದ ಪೆಟ್ಟಿಗೆ ಹೊತ್ತು ಹಾಕು ಹೋಗು" ಎಂದು ಜೇನು ಸಾಕುವ ಮುದುಕಿಯೊಬ್ಬಳ ತೋಟಕ್ಕೆ ಕಳಿಸಿದ. ಅಲ್ಲಿ ಒಂದು ಹಿಂಡು ಹಾರಿಬಂದು ಇವನ ತೋಳಿನ ಮೇಲೇ ಕೂತಿತು. ಇವನು ಹೆದರಿ ಕಲ್ಲಾಗಿ ನಿಂತ. ಜೇನಿಗೂ ಅದೇ ಬೇಕಾಗಿತ್ತು, ಒಂದೂ ಕಚ್ಚಲಿಲ್ಲ. "ಎಂಥ ಗಂಡೆದೆ!" ಎಂದು ಮುದುಕಿ ಕೆಲಸ ಕೊಟ್ಟಳು. ಅವಳು ಸಾಯುವವರೆಗೂ ಇವನು ನಿಜ ಹೇಳಲಿಲ್ಲ.

ಮುದುಕಿಯ ಎಂಟು ಪೆಟ್ಟಿಗೆ ಇವನ ಕೈಯಲ್ಲಿ ಇಪ್ಪತ್ತಾರಾದವು. ಮನೆಯ ಹಿಂದಿನ ಇಳಿಜಾರಿನಲ್ಲಿ, ಕುರುಚಲು ಕಾಡಿಗೆ ಬೆನ್ನು ಕೊಟ್ಟು ಅವು ಸಾಲಾಗಿ ನಿಂತಿದ್ದವು. ಬಸ್ ನಿಲ್ದಾಣದಿಂದ ಮನೆಗೆ ಬರುವ ಕಾಲುದಾರಿ ಆ ಸಾಲಿನ ಪಕ್ಕದಲ್ಲೇ. ಆ ದಾರಿಯಲ್ಲಿ ದಿನಾ ನಡೆಯುತ್ತಿದ್ದವಳು ಅವನ ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸು, ವರ್ಷಗಟ್ಟಲೆಯಿಂದ ವಾರಕ್ಕೆ ಐದು ದಿನ ರಾತ್ರಿಪಾಳಿ. ಬೆಳಗಿನ ಐದರ ಮೊದಲ ಬಸ್ಸಿನಿಂದ ಇಳಿದು, ಕತ್ತಲಲ್ಲೇ ಟಾರ್ಚು ಬೀಸಿಕೊಂಡು ಬರುತ್ತಿದ್ದಳು. ತಿರುವಿನ ಹತ್ತಿರ ಬಂದೊಡನೆ, "ರೀ, ಎದ್ರಾ?" ಎಂದು ಕೂಗುವುದು ಅವಳ ಅಭ್ಯಾಸ. ಅವಳಿಗೆ ಭಯ ಎಂಬುದು ಗೊತ್ತೇ ಇರಲಿಲ್ಲ. ಇಬ್ಬರ ಪಾಲಿನದನ್ನೂ ಇವನೇ ಪಡುತ್ತಿದ್ದ.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತಾರಲ್ಲ, ಇಲ್ಲಿ ಪೂಜೆಯೂ ಇಲ್ಲ ಏನೂ ಇಲ್ಲ, ಕರಡಿ ಮಾತ್ರ ಬಂತು. ಒಂದು ಬೆಳಿಗ್ಗೆ ನೋಡಿದರೆ ಐದು ಪೆಟ್ಟಿಗೆ ಚೂರುಚೂರು. ಎರಿಗಳು ಮಣ್ಣಲ್ಲಿ ಮೆತ್ತಿಕೊಂಡಿದ್ದವು. ಮನೆ ಕಳಕೊಂಡ ನೊಣಗಳು ಮುರಿದ ಹಲಗೆಯೊಂದರ ಮೇಲೆ ಮುದ್ದೆಯಾಗಿ ಕೂತಿದ್ದವು. ಅರಣ್ಯ ಕಾವಲುಗಾರ ಬಂದು, ಹೆಜ್ಜೆಯ ಗುರುತಿನೊಳಗೆ ತನ್ನ ಬೂಟಿಟ್ಟು ಅಳತೆ ನೋಡಿದ. ಬೂಟಿನ ಸುತ್ತ ಇನ್ನೂ ಜಾಗ ಉಳಿದಿತ್ತು.

"ರುಚಿ ಹತ್ತಿದೆ. ಮತ್ತೆ ಬರುತ್ತೆ" ಎಂದ.

"ಯಾವಾಗ?"

"ಹೇಳಿ ಬರೋಕೆ ಅದೇನು ನಿಮ್ಮ ನೆಂಟನಾ?"

ನಾಲ್ಕು ದಿನಕ್ಕೆ ಬಂತು. ಮತ್ತೆ ನಾಲ್ಕು ಪೆಟ್ಟಿಗೆ ಹೋದವು. ಪುಕ್ಕಲಣ್ಣನಿಗೆ ಅನ್ನ ಸೇರದಾಯಿತು. ದೀಪ ಹಚ್ಚಿಟ್ಟ, ಗಾಳಿಗೆ ಬಡಿದುಕೊಳ್ಳಲೆಂದು ತಗಡಿನ ಡಬ್ಬ ಕಟ್ಟಿದ. ಡಬ್ಬದ ಸದ್ದಿಗೆ ಕರಡಿ ಹೆದರಿತೋ ಇಲ್ಲವೋ, ಇವನಂತೂ ರಾತ್ರಿಯೆಲ್ಲ ಬೆಚ್ಚಿಬಿದ್ದ. ಯಾರಾದರೂ ಅಲ್ಲೇ ಮಲಗಿ ಕಾಯಬೇಕು ಎಂದರು ಊರವರು. ಹೆಂಡತಿಗೆ ರಾತ್ರಿಪಾಳಿ, ಉಳಿದವನು ಇವನೊಬ್ಬನೇ.

ಉಪಾಯ ಹುಡುಕಿದವನು ಭಾಮೈದ, ವೆಲ್ಡಿಂಗ್ ಅಂಗಡಿಯವನು. ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಕಬ್ಬಿಣದ ಪಂಜರ ಮಾಡಿ ಟ್ರಾಕ್ಟರಿನಲ್ಲಿ ತಂದು ಜೇನುಪೆಟ್ಟಿಗೆಗಳ ಪಕ್ಕ ಇಳಿಸಿದ. ಒಳಗಿನಿಂದ ಚಿಲಕ.

"ಕರಡೀನ ಹಿಡಿದು ಇದರೊಳಗೆ ಹಾಕೋದು ಹೇಗಯ್ಯಾ?" ಎಂದ ಪುಕ್ಕಲಣ್ಣ.

"ಕರಡಿಗಲ್ಲ ಭಾವ, ನಿಮಗೆ!"

ಊರಿಗೆ ಊರೇ ಬಿದ್ದುಬಿದ್ದು ನಕ್ಕಿತು. ಕಿರಾಣಿ ಅಂಗಡಿಯವನು ಟಿಕೆಟ್ ಎಷ್ಟು ಎಂದು ಕೇಳಿದ. ನಗಲಿ ಬಿಡಿ, ಉಪಾಯ ಫಲಿಸಿತು. ಒಳಗೆ ಚಾಪೆ, ಕಂಬಳಿ, ಟಾರ್ಚು, ಒಂದು ಎಣ್ಣೆಡಬ್ಬ, ಬಡಿಯಲು ಒಂದು ಕೋಲು. ಹನ್ನೊಂದು ರಾತ್ರಿ ಅಲ್ಲಿ ಮಲಗಿದ. ಮಲಗಿದ ಎನ್ನುವುದು ಮಾತಿಗೆ. ಎಲೆ ಅಲುಗಿದರೆ ಎದ್ದು ಕೂರುತ್ತಿದ್ದ. ಎರಡು ಸಲ ಕರಡಿ ಬಂತು, ಎರಡು ಸಲವೂ ಇವನು ಕಣ್ಣು ಮುಚ್ಚಿ ಡಬ್ಬ ಬಡಿದ, ಅದು ಕಾಡಿಗೆ ಓಡಿತು. ಬೆಳಿಗ್ಗೆ ಹೆಂಡತಿ ಬಂದು ಕೊಡೆಯ ತುದಿಯಿಂದ ಸರಳು ತಟ್ಟಿ, "ಹದಿನೇಳೂ ಇವೆಯಾ?" ಎನ್ನುತ್ತಿದ್ದಳು. ಇದ್ದವು.

ಹನ್ನೆರಡನೆಯ ದಿನ ಜೇನು ತೆಗೆದ. ತುಪ್ಪ ತೆಗೆದ ಮೇಲೂ ಎರಿಗೆ ಒಂದಿಷ್ಟು ಅಂಟಿಕೊಂಡೇ ಇರುತ್ತದೆ. ಅಂಥ ಹಸಿ ಎರಿಗಳನ್ನು ಪೆಟ್ಟಿಗೆಗೆ ವಾಪಸಿಟ್ಟರೆ ನೊಣಗಳೇ ನೆಕ್ಕಿ ಒಣಗಿಸುತ್ತವೆ. ಆದರೆ ಅದನ್ನು ಸಂಜೆ ಹೊತ್ತಲ್ಲೇ ಇಡಬೇಕು. ಹಗಲಲ್ಲಿ ಇಟ್ಟರೆ ಒಂದು ಪೆಟ್ಟಿಗೆಯ ನೊಣ ಇನ್ನೊಂದನ್ನು ಲೂಟಿ ಮಾಡುತ್ತದೆ. ಅವತ್ತು ಕೆಲಸ ಮುಗಿಯುವಷ್ಟರಲ್ಲಿ ಕತ್ತಲೆಯಾಗಿಬಿಟ್ಟಿತು. ಕತ್ತಲಲ್ಲಿ ಪೆಟ್ಟಿಗೆ ತೆರೆಯಲು ಇವನಿಗೆ ಧೈರ್ಯ ಸಾಲದು. ನಾಳೆ ಸಂಜೆ ಇಟ್ಟರಾಯಿತು ಎಂದುಕೊಂಡ. ಅಲ್ಲಿಯವರೆಗೆ ಇಪ್ಪತ್ತು ಹಸಿ ಎರಿಗಳನ್ನು ಎಲ್ಲಿಡುವುದು? ಮನೆಯಲ್ಲಿಟ್ಟರೆ ಇರುವೆ, ಹೊರಗಿಟ್ಟರೆ ಕರಡಿ. ಎಲ್ಲಕ್ಕಿಂತ ಗಟ್ಟಿ ಜಾಗ ಯಾವುದೆಂದು ಯೋಚಿಸಿ, ಮರದ ಡಬ್ಬಿಯಲ್ಲಿ ತುಂಬಿ ತನ್ನ ಜೊತೆ ಪಂಜರದೊಳಗೇ ಇಟ್ಟುಕೊಂಡ! ಬೇರೆ ಯಾರಾದರೂ ಆಗಿದ್ದರೆ ಆ ಘಮಕ್ಕೇ ಎಚ್ಚೆತ್ತುಕೊಳ್ಳುತ್ತಿದ್ದರು. ಮೂವತ್ತಮೂರು ವರ್ಷ ಜೇನಿನಲ್ಲೇ ಕೈ ಅದ್ದಿದವನ ಮೂಗಿಗೆ ಜೇನಿನ ವಾಸನೆ ತಿಳಿಯುವುದೇ ನಿಂತುಹೋಗಿತ್ತು.

ಕರಡಿ ಬಂದದ್ದು ಸುಮಾರು ನಾಲ್ಕೂವರೆಗೆ. ಪೆಟ್ಟಿಗೆಗಳ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಪಂಜರಕ್ಕೇ ಬಂತು.

ಇವನು ಡಬ್ಬ ಬಡಿದ. ಅದು ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ಬಂತು. ಇನ್ನೊಮ್ಮೆ ಬಡಿದ. ಈ ಸಲ ಅಲುಗಲೂ ಇಲ್ಲ. ಮುಂಗಾಲುಗಳನ್ನು ಮೇಲಿಟ್ಟು ಪಂಜರವನ್ನು ಜಗ್ಗಿತು. ಇಡೀ ಕಬ್ಬಿಣ ಒಂದು ಕಡೆಗೆ ಎದ್ದು ದೊಪ್ಪನೆ ಕೂತಿತು. ಕೋಲು ಕೈಜಾರಿ ಹೊರಗೆ ಬಿತ್ತು. ಸರಳುಗಳ ನಡುವೆ ಒಂದು ಪಂಜ ಒಳಗೆ ಬಂದು ಕಂಬಳಿಯನ್ನು ಎಳೆದುಕೊಂಡಿತು. ಕೂಗಬೇಕೆಂದು ಬಾಯಿ ತೆರೆದರೆ ನಾಲಿಗೆ ಒಣಗಿ ಸ್ವರವೇ ಹೊರಡಲಿಲ್ಲ. ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿತ್ತು. ಮಾಡಿನ ಕಡೆಯ ಒಂದು ಬೆಸುಗೆ ಟಕ್ಕೆಂದು ಬಿಟ್ಟಿತು. ಸತ್ತೆ, ಇವತ್ತು ಸತ್ತೆ ಎಂದುಕೊಂಡ.

ಆಗ ಕೈಗೆ ಸಿಕ್ಕ ಒಂದು ಎರಿಯನ್ನು ಸರಳಿನ ಸಂದಿಯಿಂದ ಹೊರಗೆ ತೂರಿದ. ಜಗ್ಗುವುದು ನಿಂತಿತು. ಮರದ ಚೌಕಟ್ಟನ್ನೂ ಸೇರಿಸಿ ಕರಡಿ ಕರಕರ ಅಗಿಯತೊಡಗಿತು. ಅದು ಮುಗಿದು ಮತ್ತೆ ಸರಳಿಗೆ ಪಂಜ ಹಾಕುವಷ್ಟರಲ್ಲಿ ಇವನು ಇನ್ನೊಂದು ಕೊಟ್ಟ. ಹೀಗೆ ಒಂದಾದ ಮೇಲೆ ಒಂದು, ಆರಾಯಿತು, ಒಂಬತ್ತಾಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮೈಯೆಲ್ಲ ಬೆವರು, ಕೈಯೆಲ್ಲ ಜೇನು.

ದೂರದ ರಸ್ತೆಯಲ್ಲಿ ಬಸ್ಸು ನಿಂತ ಸದ್ದು ಕೇಳಿತು.

ಬಸ್ಸು ಎಂದರೆ ಅವಳು. ಅವಳು ಇದೇ ದಾರಿಯಲ್ಲಿ ಬರುತ್ತಾಳೆ, ತಿರುವಿನಲ್ಲಿ ನಿಂತು ಗಟ್ಟಿಯಾಗಿ ಕೂಗುತ್ತಾಳೆ, ಪಂಜರದವರೆಗೆ ನಡೆದು ಬರುತ್ತಾಳೆ. ಎರಿ ಕೊಡುತ್ತಿದ್ದರೆ ಕರಡಿ ಇಲ್ಲೇ ಇರುತ್ತದೆ. ಕೊಡದಿದ್ದರೆ ಪಂಜರ ಮುರಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಇದನ್ನು ಇಲ್ಲಿ ಕೈಯಾರೆ ಊಟ ಹಾಕಿ ಕೂರಿಸಿಕೊಂಡವನು ನಾನೇ ಅಲ್ಲವೇ, ಅಯ್ಯೋ ದೇವರೇ, ಎಂದು ಹಲುಬಿದ. ಕೂಗೋಣವೆಂದು ಮತ್ತೆ ಯತ್ನಿಸಿದ. ಗಂಟಲಿನಿಂದ ಬರಿ ಗಾಳಿ ಬಂತು.

ಬಾಗಿಲು ಕಾಲುದಾರಿಯ ಕಡೆಗಿತ್ತು, ಕರಡಿ ಇನ್ನೊಂದು ಬದಿಯಲ್ಲಿ. ಉಳಿದ ಹನ್ನೊಂದನ್ನೂ ಒಟ್ಟಿಗೆ ಅದರ ಮುಂದೆ ತೂರಿದ. ಚಿಲಕ ತೆಗೆದ. ತೆಗೆಯುವಾಗ ಅದು ಮೂರು ಸಲ ಸರಳಿಗೆ ಬಡಿಯಿತು. ಕರಡಿ ಅಗಿಯುವುದನ್ನು ನಿಲ್ಲಿಸಿ ಮುಖ ಎತ್ತಿತು. ಇವನು ಉಸಿರು ಬಿಗಿಹಿಡಿದು ನಿಂತ. ಅದು ಮತ್ತೆ ಅಗಿಯತೊಡಗಿತು.

ಹೊರಗೆ ಕಾಲಿಟ್ಟ. ಟಾರ್ಚು ಹೊತ್ತಿಸಲಿಲ್ಲ. ಓಡಲೂ ಇಲ್ಲ. ಪ್ರತಿ ಹೆಜ್ಜೆಗೂ ಬೆನ್ನಿಗೆ ಪಂಜ ಬಿದ್ದೇಬಿಟ್ಟಿತು ಎನ್ನಿಸುತ್ತಿತ್ತು. ಕತ್ತಲು, ಕಲ್ಲು, ಮುಳ್ಳು. ಒಂದು ಕಡೆ ಮುಗ್ಗರಿಸಿ ಮೊಣಕಾಲು ಒಡೆದುಕೊಂಡು ಮತ್ತೆ ಎದ್ದ. ತಿರುವಿನಲ್ಲಿ ಟಾರ್ಚಿನ ಬೆಳಕು ಕಂಡಿತು. ಅವಳು "ರೀ..." ಎನ್ನುವುದಕ್ಕೂ ಇವನು ಅವಳ ಬಾಯಿ ಮುಚ್ಚುವುದಕ್ಕೂ ಸರಿಹೋಯಿತು. ಅವಳು ಯಾರೋ ಕಳ್ಳನೆಂದು ಕೈಯನ್ನು ಕಚ್ಚಿದಳು. ಕಚ್ಚಿದ ಕೈಯ ರುಚಿಯಿಂದಲೇ ಗಂಡನೆಂದು ಗೊತ್ತಾಯಿತು.

ಇವನು ಮಾತಾಡದೆ ಅವಳನ್ನು ಪಕ್ಕದ ಪಂಪಿನ ಮನೆಗೆ ಎಳೆದುಕೊಂಡು ಹೋದ. ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಬೆನ್ನನ್ನೇ ಬಾಗಿಲಿಗೆ ಒತ್ತಿ ಕೂತ. ಸ್ವಲ್ಪ ಹೊತ್ತಿಗೆ ಇಳಿಜಾರಿನಿಂದ ಹಲಗೆ ಮುರಿಯುವ ಸದ್ದು ಶುರುವಾಯಿತು. ಒಂದು ಪೆಟ್ಟಿಗೆ. ಇನ್ನೊಂದು. ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

"ಪಂಜರದಲ್ಲಿ ಇರೋದು ಬಿಟ್ಟು ಹೊರಗ್ಯಾಕೆ ಬಂದ್ರಿ? ಬುದ್ಧಿ ಎಲ್ಲಿಟ್ಟಿದ್ರಿ?" ಎಂದು ಅವಳು ಪಿಸುಗುಟ್ಟಿದಳು.

"ನೀನು ಬರ್ತಿದ್ದೆಯಲ್ಲ" ಎಂದ. ಅಷ್ಟು ಹೊತ್ತಿಗೆ ಸ್ವರ ಬಂದಿತ್ತು.

ಅಭ್ಯಾಸಬಲ ನೋಡಿ, ಅವಳು ಕತ್ತಲಲ್ಲೇ ಅವನ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದಳು. ಎಣಿಕೆ ಸಿಗುತ್ತಿರಲಿಲ್ಲ, ಅವಳ ಬೆರಳುಗಳೇ ನಡುಗುತ್ತಿದ್ದವು. ಅವಳ ಕೈ ನಡುಗಿದ್ದನ್ನು ಅವನು ಕಂಡದ್ದು ಅದೇ ಮೊದಲು. ಅದರಿಂದ ಅವನಿಗೆ ಇನ್ನಷ್ಟು ಭಯವಾಯಿತು.

ಬೆಳಕು ಹರಿದಾಗ ಉಳಿದದ್ದು ಒಂಬತ್ತು ಪೆಟ್ಟಿಗೆ. ಭಾಮೈದನಿಗೆ ಮುಖಭಂಗ. "ಅಷ್ಟು ಕಬ್ಬಿಣ ಸುರಿದು ಮಾಡಿಕೊಟ್ರೆ ಬಾಗಿಲು ತೆಗೆದು ಎದ್ದು ಬಂದ್ರಲ್ಲ ಭಾವ!" ಎಂದು ಎಲ್ಲರ ಮುಂದೆ ಗೊಣಗಿದ. ಊರವರು ಮತ್ತೆ ನಕ್ಕರು. ಆಮೇಲೆ ಅರಣ್ಯದವರು ಸುತ್ತಲೂ ಕರೆಂಟಿನ ತಂತಿ ಹಾಕಿಸಿದರು. ಕರಡಿ ಒಂದು ಸಲ ಮೂಗು ತಾಗಿಸಿ, ಕಿರುಚಿ ಹೋಯಿತು. ಪೆಟ್ಟಿಗೆಗಳ ಹತ್ತಿರ ಆಮೇಲೆ ಸುಳಿಯಲಿಲ್ಲ. ಆದರೆ ಕಾಡಿನಲ್ಲಿ ಇದೆ, ಎಲ್ಲರಿಗೂ ಗೊತ್ತು. ಕಾಲುದಾರಿಗೆ ತಂತಿಯಿಲ್ಲ.

ಈಗ ಬೆಳಗಿನ ಐದಕ್ಕೆ ಬಸ್ಸು ನಿಂತರೆ ಪುಕ್ಕಲಣ್ಣ ಅಲ್ಲಿರುತ್ತಾನೆ. ಮನೆಯಿಂದ ಅಷ್ಟು ದೂರ, ಕತ್ತಲಲ್ಲಿ, ಒಬ್ಬನೇ ಡಬ್ಬ ಬಡಿಯುತ್ತ ಬಂದಿರುತ್ತಾನೆ. ಮುಖ ಬಿಳಿಚಿಕೊಂಡಿರುತ್ತದೆ, ಚಳಿಗಾಲದಲ್ಲೂ ಅಂಗಿ ಬೆವರಿನಿಂದ ಒದ್ದೆ. ಬಸ್ಸಿನ ಕಂಡಕ್ಟರು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ:

"ಏನಣ್ಣಾ, ಊರೆಲ್ಲ ನಿನ್ನ ಪುಕ್ಕಲ ಅಂತಾರೆ. ಈ ಕತ್ತಲಲ್ಲಿ ಬರೋಕೆ ಹೆದರಿಕೆ ಆಗಲ್ವಾ?"

"ಆಗುತ್ತಪ್ಪಾ" ಎಂದ ಪುಕ್ಕಲಣ್ಣ, ಹೆಂಡತಿಯ ಚೀಲ ಇಸಿದುಕೊಳ್ಳುತ್ತ. "ಆಗುತ್ತೆ ಅಂತಲೇ ಬರ್ತೀನಿ."