ಅಟ್ಟದ ಮೇಲೇ ಇಟ್ಟ ಬೀಗದ ಕೈ

ಗೆಳೆಯರೇ, ತಪ್ಪು ನನ್ನದು ಎಂಬುದೊಂದನ್ನು ಬಿಟ್ಟು ಇದನ್ನು ಬರೆಯಲು ಹೊರಟಿದ್ದೆ. ತುರುವೇಕೆರೆಯ ನಮ್ಮ ತೆಂಗು ಬೆಳೆಗಾರರ ಸಂಘದ ದಾಖಲೆಗಳೆಲ್ಲ ಒಂದೇ ಯಂತ್ರದೊಳಗಿನ ವರ್ಚುವಲ್ ಸರ್ವರ್‌ಗಳಲ್ಲಿವೆ. ಎರಡು ತಿಂಗಳ ಹಿಂದೆ ಅವಕ್ಕೆ ಎನ್‌ಕ್ರಿಪ್ಷನ್ ಬೀಗ ಹಾಕಿದವಳು, ಕೀಲಿ ಕಾಯುವ ಸರ್ವರನ್ನೂ ಅದೇ ಬೀಗದೊಳಗೆ ಇಟ್ಟುಬಿಟ್ಟೆ. ಇವತ್ತು ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಯಂತ್ರ ಮತ್ತೆ ಶುರುವಾದಾಗ ಕೀಲಿ ಬೀಗದೊಳಗೇ ಸಿಕ್ಕಿಕೊಂಡಿತ್ತು, ಯಾವುದೂ ತೆರೆಯಲಿಲ್ಲ.

ಬದಲಿ ಕೀಲಿಯಿದ್ದ ಪೆನ್‌ಡ್ರೈವ್ ಕಾರ್ಯದರ್ಶಿ ನಂಜಪ್ಪನವರ ಹತ್ತಿರ ಇತ್ತು. ಅವರು ತೀರಿಕೊಂಡು ಇಪ್ಪತ್ತು ದಿನ. ಅದನ್ನು ಎಲ್ಲಿಟ್ಟಿದ್ದರೋ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಅವರ ಹೆಂಡತಿ ಗೌರಮ್ಮ ದಬ್ಬೇಘಟ್ಟದ ಬಸ್ಸಿಳಿದು ಬಂದು ಅದನ್ನು ನನ್ನ ಮೇಜಿನ ಮೇಲಿಟ್ಟರು.

"ಅಟ್ಟದ ಬೀಗದ ಕೈನ ಯಾರಾದ್ರೂ ಅಟ್ಟದ ಮ್ಯಾಲೇ ಮಡಗ್ತಾರಾ ಅಂತ ನಮ್ಮ ಯಜಮಾನ್ರು ನಿಮ್ಮನ್ನ ಆಡ್ಕೊಂಡು ನಗೋರು ಕಣಮ್ಮ. ಇದನ್ನ ಮನೇಲಿ ಮೊಳೆಗೆ ನೇತಾಕಿದ್ರು."

"ಇವತ್ತೇ ಯಾಕೆ ತಂದ್ರಿ?"

"ನೀವೇ ಅಲ್ವೇನಮ್ಮ ಬೆಳಿಗ್ಗೆ ಫೋನ್ ಮಾಡಿದ್ದು? ಈ ಆಫೀಸಿನ ನಂಬರ್ರೇ. ಯಾರೂ ಮಾತಾಡ್ಲಿಲ್ಲ. ಬರೀ ಒಣಗಿದ ಕಾಯಿ ಅಲ್ಲಾಡ್ಸೋ ಸದ್ದು, ಲೊಡಲೊಡ ಅಂತ."

ಒಳಗೆ ಕೊಬ್ಬರಿಯಾಗಿದೆಯೇ ಎಂದು ಕಾಯಿ ಅಲ್ಲಾಡಿಸಿ ನೋಡುವುದು ನಂಜಪ್ಪನವರ ಅಭ್ಯಾಸ. ಫೋನಿನಲ್ಲಿ ಮಾತಾಡುವಾಗಲೂ ಬಿಡುತ್ತಿರಲಿಲ್ಲ. ಆಫೀಸಿನ ಫೋನ್ ನಡೆಯುವುದೂ ಅದೇ ಸರ್ವರ್‌ನಿಂದ. ಬೆಳಿಗ್ಗೆಯಿಂದ ಅದೂ ಸತ್ತಿತ್ತು. ಗೌರಮ್ಮನಿಗೆ ಹೇಳಲಿಲ್ಲ. ಹೇಳಬೇಕಿತ್ತೇ?

ಸಂಜೆಯೊಳಗೆ ಎಲ್ಲ ತೆರೆಯಿತು, ಕೀಲಿಯ ಸರ್ವರನ್ನು ಬೇರೆ ಯಂತ್ರಕ್ಕೆ ಸಾಗಿಸಿದೆ. 'ಕೀಲಿ ಪಾಲಕರು' ಪಟ್ಟಿಯಿಂದ ನಂಜಪ್ಪನವರ ಹೆಸರು ತೆಗೆಯಬೇಕಿತ್ತು. ತೆಗೆದಿಲ್ಲ, ನಮ್ಮಲ್ಲಿ ಕೆಲಸ ಸರಿಯಾಗಿ ಮಾಡಿದವರು ಅವರೊಬ್ಬರೇ.

ಈ ಬರಹ ಹಾಕುತ್ತಿರುವುದು ಇಂದೇ, ಜೂನ್ ಹನ್ನೊಂದು.